ಕಪ್ಪು ವಯರು ಎಲ್ಲಿದೆ?

"ಕರೆಂಟ್ ಉಂಡಾ, ಇಜ್ಜಾ? ಒಂಜೇ ಪಾತೆರೊಡು ಪನ್ಲೆ ಜೈನ್ರೇ."

ಮಂಜಿ ನಡೆಸುವ ತಾಂಡೇಲರು ತುಳುವಿನಲ್ಲಿ ಕೇಳಿದ್ದು ಇಷ್ಟೇ. ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ. ನಾನು ಮಂಜಿಯ ಕೂವೆಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಸೆಪ್ಟೆಂಬರಿನ ಎರಡನೇ ವಾರ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಮಂಜಿಗಳು ಕಡಲಿಗೆ ಇಳಿಯುವಂತಿಲ್ಲ. ಆ ನಾಲ್ಕು ತಿಂಗಳು ಮುಗಿಯುತ್ತ ಬಂದಿತ್ತು. ಮಂಗಳೂರಿನ ಹಳೇ ಬಂದರಿನಲ್ಲಿ ಒಂದರ ಪಕ್ಕ ಒಂದು ಕಟ್ಟಿ ನಿಲ್ಲಿಸಿದ ಮಂಜಿಗಳ ಮೇಲೆ ಬಡಗಿಗಳ ಸದ್ದು, ಎಣ್ಣೆಯ ವಾಸನೆ. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಹೋಗುವ ಮರದ ಹಡಗುಗಳು ಇವು. ಹಿಂದೆ ಹಾಯಿಯನ್ನೇ ನಂಬಿ ಹೋಗುತ್ತಿದ್ದವು. ಈಗ ಎಂಜಿನ್ ಇದೆ, ಆದರೂ ಕಾಗದಪತ್ರದಲ್ಲಿ ಅವುಗಳ ಜಾತಿ ಇಂದಿಗೂ 'ಯಾಂತ್ರೀಕೃತ ಹಾಯಿ ಹಡಗು' ಎಂದೇ.

ಎಡಗಡೆಯ ಕೆಂಪು ದೀಪ ಉರಿಯುತ್ತಿತ್ತು, ಬಲಗಡೆಯ ಹಸಿರು ದೀಪವೂ ಉರಿಯುತ್ತಿತ್ತು. ಕೂವೆಕಂಬದ ತುದಿಯ ಬಿಳಿ ದೀಪ ಮಾತ್ರ ಇಲ್ಲ. ಹುಡುಗನೊಬ್ಬನನ್ನು ಮೇಲೆ ಹತ್ತಿಸಿ, ಹೋಲ್ಡರನ್ನು ವಯರು ಸಮೇತ ಕೆಳಗಿಳಿಸಿಕೊಂಡೆ. ಬಲ್ಬ್ ತೆಗೆದು ಮೀಟರಿನ ಎರಡೂ ಕಡ್ಡಿಗಳನ್ನು ಹೋಲ್ಡರಿಗೆ ಕೊಟ್ಟೆ. 24.6 ವೋಲ್ಟ್. ಕರೆಂಟ್ ಉಂಟು. ಬಲ್ಬ್ ಹಾಕಿದೆ. ಉರಿಯಲಿಲ್ಲ. ಬಲ್ಬ್ ಒಳ್ಳೆಯದೇ, ಪಕ್ಕದ ಬ್ಯಾಟರಿಗೆ ನೇರ ಕೊಟ್ಟಾಗ ಉರಿದಿತ್ತು. ಬಲ್ಬ್ ಹೋಲ್ಡರಿನಲ್ಲಿ ಇರುವಾಗಲೇ ಮತ್ತೆ ಅದೇ ಎರಡು ಜಾಗಕ್ಕೆ ಮೀಟರ್ ಇಟ್ಟೆ. 0.3. ಕರೆಂಟ್ ಇಲ್ಲ. ಆಮೇಲೆ ಮೀಟರಿನ ಕಪ್ಪು ವಯರಿಗೆ ಉದ್ದದ ವಯರು ಸೇರಿಸಿ ಬ್ಯಾಟರಿಯ ಮೈನಸ್ಸಿಗೆ ಕೊಟ್ಟು, ಕೆಂಪನ್ನು ಬಲ್ಬಿನ ಪ್ಲಸ್ಸಿಗೆ ಮುಟ್ಟಿಸಿದೆ. 24.6. ಕೆಂಪನ್ನು ಬಲ್ಬಿನ ಮೈನಸ್ಸಿಗೆ ಮುಟ್ಟಿಸಿದೆ. 24.3. ಮೈನಸ್ ಎಂದು ನಾವು ಹೆಸರಿಟ್ಟ ವಯರಿನಲ್ಲೇ ಇಪ್ಪತ್ತನಾಲ್ಕು ವೋಲ್ಟ್!

ಈಗ ತಾಂಡೇಲರಿಗೆ ಒಂದೇ ಮಾತಿನಲ್ಲಿ ಏನೆಂದು ಹೇಳುವುದು? ಉಂಟು ಎಂದರೆ ಸುಳ್ಳು. ಇಲ್ಲ ಎಂದರೂ ಸುಳ್ಳು. ಎರಡನ್ನೂ ಒಟ್ಟಿಗೆ ಹೇಳಬಲ್ಲ ಒಂದು ಪದ ತುಳುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ನಾನು ಸುಮ್ಮನೆ ಕೂತೆ. ಆ ಮೌನಕ್ಕೆ ನಮ್ಮ ಜೈನರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹೆಸರಿಟ್ಟಿದ್ದಾರೆ ಎಂಬುದು ಆಗ ನೆನಪಾಯಿತು. ಅವಕ್ತವ್ಯ, ಮಾತಿನಲ್ಲಿ ಹೇಳಲಾಗದ್ದು.

ನಮ್ಮ ಮನೆ ವೇಣೂರಿನಿಂದ ಮೂಡುಬಿದಿರೆಗೆ ಬರುವ ದಾರಿಯಲ್ಲಿ. ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಶಾಲೆ ಮೂಡುಬಿದಿರೆಯಲ್ಲಿ, ಕೆಲಸ ಕಲಿತದ್ದು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸು ಲಾರಿಗಳ ವಯರಿಂಗ್ ಮಾಡುವ ಒಂದು ಅಂಗಡಿಯಲ್ಲಿ. ನಮ್ಮ ಮೇಸ್ತ್ರಿ ಬ್ಯಾರಿ. ಅಂಗಡಿಯಲ್ಲಿ ಆಗ ಮೀಟರ್ ಇರಲಿಲ್ಲ. ಒಂದು ಬಲ್ಬಿಗೆ ಎರಡು ವಯರು ಬೆಸೆದ ಟೆಸ್ಟ್ ಲ್ಯಾಂಪೇ ಎಲ್ಲ. ಮುಂದೆ ನಾನು ನನ್ನ ದುಡ್ಡಿನಲ್ಲಿ ಡಿಜಿಟಲ್ ಮೀಟರ್ ಕೊಂಡು ತಂದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಇದು ಕೇಳಿಸಿಕೊಳ್ಳುತ್ತದೆ. ನನ್ನ ಬಲ್ಬ್ ಕೆಲಸ ಕೇಳುತ್ತದೆ."

ಅದರ ಅರ್ಥ ಆಗಲು ನನಗೆ ವರ್ಷಗಳು ಬೇಕಾದವು. ಮೀಟರಿನ ಒಳಗಿನ ತಡೆ ಸುಮಾರು ಒಂದು ಕೋಟಿ ಓಮ್. ಅದಕ್ಕೆ ಬೇಕಾದ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ದಾರಿಯಲ್ಲೊಂದು ಕಿಲುಬು ಹಿಡಿದ ಜಾಯಿಂಟ್ ಇನ್ನೂರು ಓಮ್ ತಡೆಯೊಡ್ಡಿದರೂ ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಪೂರ್ತಿ ವೋಲ್ಟೇಜ್ ತೋರಿಸುತ್ತದೆ. 25 ವಾಟಿನ ಬಲ್ಬಿಗೆ ಸುಮಾರು ಒಂದು ಆಂಪಿಯರ್ ಬೇಕು. ಇನ್ನೂರು ಓಮಿನ ಆಚೆಯಿಂದ ಒಂದು ಆಂಪಿಯರ್ ಬರುವುದಿಲ್ಲ. ಇದ್ದದ್ದೆಲ್ಲ ಜಾಯಿಂಟಿನಲ್ಲೇ ಕಳೆದು ಬಲ್ಬಿಗೆ ಒಂದು ವೋಲ್ಟೂ ಸಿಗುವುದಿಲ್ಲ. ಮೀಟರ್ ಸುಳ್ಳು ಹೇಳಿತೆ? ಖಂಡಿತ ಇಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ನಾನು ಕೇಳಿದ ಪ್ರಶ್ನೆ ಯಾವುದು ಎಂದು ನನಗೇ ಗೊತ್ತಿರಲಿಲ್ಲ.

ವೋಲ್ಟೇಜಿನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಈ ಕಸುಬಿಗೆ ಬಂದವರಿಗೂ ಅದು ತಡವಾಗಿ ತಲೆಗೆ ಹೋಗುತ್ತದೆ. ಒಂದು ಜಾಗಕ್ಕೆ ತನ್ನದೇ ಆದ ವೋಲ್ಟೇಜ್ ಎಂಬುದಿಲ್ಲ. ವೋಲ್ಟೇಜ್ ಇರುವುದು ಎರಡು ಜಾಗಗಳ ನಡುವೆ. ಆದ್ದರಿಂದಲೇ ಮೀಟರಿಗೆ ಎರಡು ಕಡ್ಡಿ. ಎಲ್ಲರ ಕಣ್ಣೂ ಕೆಂಪಿನ ಮೇಲೆ, ಅದೇ ಹುಡುಕುತ್ತ ಓಡಾಡುವುದು. ಕಪ್ಪನ್ನು ಎಲ್ಲೋ ಸಿಕ್ಕಿಸಿ ಮರೆತುಬಿಡುತ್ತೇವೆ. ಆದರೆ ಅಂಕಿಯ ಅರ್ಧ ಅರ್ಥ ಕಪ್ಪಿನ ಬಳಿ ಇರುತ್ತದೆ.

ಮೂಡುಬಿದಿರೆಯಲ್ಲಿ ಒಂದು ಮಳೆಗಾಲ, ಚಾತುರ್ಮಾಸ್ಯದ ಪ್ರವಚನಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿತ್ತು. ಪಂಡಿತರು ಸ್ಯಾದ್ವಾದ ಹೇಳುತ್ತಿದ್ದರು. ಹೊರಗೆ ಧೋ ಎಂದು ಮಳೆ. ಸ್ಯಾದ್ ಅಸ್ತಿ, ಸ್ಯಾದ್ ನಾಸ್ತಿ ಎಂದು ಏಳು ಭಂಗಗಳನ್ನು, ಎಂದರೆ ಹೇಳುವ ಏಳು ಬಗೆಗಳನ್ನು, ಒಂದೊಂದಾಗಿ ಬಿಡಿಸಿದರು. ನನಗೆ ನಿದ್ದೆ ಬರುತ್ತಿತ್ತು. ಆಗ ಅವರು, 'ಸ್ಯಾತ್' ಎಂದರೆ 'ಬಹುಶಃ' ಅಲ್ಲ ಎಂದರು. 'ಇರಬಹುದು' ಎಂಬ ಸಂಶಯವೂ ಅಲ್ಲ. 'ಕಥಂಚಿತ್', ಒಂದು ನಿರ್ದಿಷ್ಟ ಅಪೇಕ್ಷೆಯಿಂದ, ಎಂದರೆ ನೋಡುವ ನೆಲೆಯಿಂದ. ಪೂರ್ತಿ ವಾಕ್ಯದಲ್ಲಿ ಇನ್ನೊಂದು ಪುಟ್ಟ ಪದವೂ ಉಂಟು: 'ಏವ'. ಸ್ಯಾದ್ ಅಸ್ತ್ಯೇವ. ಈ ಅಪೇಕ್ಷೆಯಿಂದ ಇದ್ದೇ ಇದೆ. ಎಲ್ಲಿಂದ ನೋಡಿದೆ ಎಂಬುದನ್ನು ಮೊದಲು ಹೇಳಿಕೊಂಡು, ಆಮೇಲೆ ಎಳ್ಳಷ್ಟೂ ಅನುಮಾನವಿಲ್ಲದೆ ಹೇಳು.

ನಿದ್ದೆ ಹಾರಿಹೋಯಿತು. ಮೀಟರನ್ನು ನನಗೆ ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ಆಮೇಲೆ ಮಡಕೆಯ ಉದಾಹರಣೆ ಬಂತು. ಮಡಕೆ ಇದೆ, ಯಾವುದರಿಂದ? ತನ್ನ ದ್ರವ್ಯ, ತನ್ನ ಕ್ಷೇತ್ರ, ತನ್ನ ಕಾಲ, ತನ್ನ ಭಾವ, ಈ ನಾಲ್ಕರಿಂದ ಇದೆ. ಪರದ್ರವ್ಯ, ಪರಕ್ಷೇತ್ರ, ಪರಕಾಲ, ಪರಭಾವದಿಂದ ಇಲ್ಲ. ಮಣ್ಣಿನ ಮಡಕೆಯಾಗಿ ಇದೆ, ತಾಮ್ರದ್ದಾಗಿ ಇಲ್ಲ. ಇಲ್ಲಿ ಇದೆ, ಅಲ್ಲಿ ಇಲ್ಲ. ಈಗ ಇದೆ, ಒಡೆದ ಮೇಲೆ ಇಲ್ಲ. ಸಮಂತಭದ್ರರ 'ಆಪ್ತಮೀಮಾಂಸೆ'ಯಲ್ಲಿ ಇದರ ತರ್ಕವೆಲ್ಲ ಇದೆ. ಪಂಡಿತರಿಂದ ಎರಡು ವರ್ಷ ಬಿಡಿಬಿಡಿಯಾಗಿ ಹೇಳಿಸಿಕೊಂಡೆ. ಅಲ್ಲಿಂದೀಚೆಗೆ ನನ್ನ ಕೆಲಸದ ಪುಸ್ತಕದಲ್ಲಿ ನಾಲ್ಕು ಕಾಲಂ. ದ್ರವ್ಯ: ಯಾವ ವಯರು, ಯಾವ ಸಾಧನ. ಕ್ಷೇತ್ರ: ಕೆಂಪು ಎಲ್ಲಿ, ಕಪ್ಪು ಎಲ್ಲಿ. ಕಾಲ: ಎಷ್ಟು ಹೊತ್ತಿಗೆ, ಸ್ವಿಚ್ ಹಾಕಿದ ಕೂಡಲೇ ಅಥವಾ ಒಂದು ಗಂಟೆ ಓಡಿದ ಮೇಲೆ. ಭಾವ: ಲೋಡ್ (ಕರೆಂಟ್ ಎಳೆಯುವ ಬಲ್ಬಿನಂಥದ್ದು) ಇದೆಯೋ ಇಲ್ಲವೋ, ಎಂಜಿನ್ ಓಡುತ್ತಿದೆಯೋ ನಿಂತಿದೆಯೋ, ಒದ್ದೆಯೋ ಒಣಗಿದೆಯೋ. ನಾಲ್ಕೂ ತುಂಬಿದ ಮೇಲೆ ಐದನೆಯದಾಗಿ ಅಂಕಿ. ನಾಲ್ಕರಲ್ಲಿ ಒಂದು ಖಾಲಿ ಇದ್ದರೂ ಅಂಕಿ ಬರೆಯುವುದಿಲ್ಲ. ಇದು ನನ್ನ ವ್ರತ. ಸೂರ್ಯಾಸ್ತದ ಮೇಲೆ ಊಟ ಮಾಡದಿರುವುದನ್ನು ಹೇಗೆ ನಡೆಸಿಕೊಂಡು ಬಂದಿದ್ದೇನೋ ಇದನ್ನೂ ಹಾಗೆಯೇ.

ವ್ರತ ತೊಟ್ಟದ್ದಕ್ಕೆ ಕಾರಣ ಒಂದು ತಪ್ಪು. ಒಬ್ಬ ಮೀನುಗಾರರ ಬೋಟಿನಲ್ಲಿ ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಸೆಲ್ಫ್ ಹಾಕಿದಾಗ ವೋಲ್ಟೇಜ್ ನೋಡಿದೆ, 24ರಿಂದ 16ಕ್ಕೆ ಬಿತ್ತು. "ಬ್ಯಾಟರಿ ಹೋಗಿದೆ" ಎಂದೆ. ಅವರು ಮರುಪ್ರಶ್ನೆ ಹಾಕಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ. ಸೊಸೈಟಿಯಲ್ಲಿ ಸಾಲ ಮಾಡಿ ಎರಡು ಹೊಸ ಬ್ಯಾಟರಿ ತಂದರು. ಹೊಸದನ್ನು ಹಾಕಿದರೂ ಅದೇ 16. ಆಗ ಕೆಳಗೆ ನೋಡಿದೆ. ನಾನು ಕಪ್ಪು ಕಡ್ಡಿಯನ್ನು ಚುಚ್ಚಿದ್ದು ಎಂಜಿನ್ ಬಾಡಿಗೆ, ಬ್ಯಾಟರಿಯ ಮೈನಸ್ಸಿಗಲ್ಲ. ಎರಡರ ನಡುವಿನ ದಪ್ಪ ಅರ್ತ್ ಕೇಬಲ್ ಬೋಲ್ಟಿನ ಅಡಿಯಲ್ಲಿ ತುಕ್ಕು ತಿಂದು ಕೂತಿತ್ತು. ಎಂಟು ವೋಲ್ಟ್ ನುಂಗುತ್ತಿದ್ದದ್ದು ಅದು. ಹಳೆಯ ಬ್ಯಾಟರಿಗೆ ಯಾವ ದೋಷವೂ ಇರಲಿಲ್ಲ. ಅಷ್ಟು ಹೊತ್ತಿಗೆ ಅದು ಗುಜರಿಗೆ ಹೋಗಿಯಾಗಿತ್ತು. ಅವರು ಒಂದು ಮಾತೂ ಆಡಲಿಲ್ಲ. ಬೋಟಿನ ಅಂಚಿನಲ್ಲಿ ಕೂತು ಬೀಡಿ ಹಚ್ಚಿದರು. ಆ ವರ್ಷದ ಅವರ ಲಾಭದಲ್ಲಿ ಎಷ್ಟು ಪಾಲು ನನ್ನ ಒಂದು ಮಾತಿಗೆ ಹೋಯಿತು ಎಂಬ ಲೆಕ್ಕ ನನಗೆ ಗೊತ್ತಿತ್ತು.

ನಾನು ಆಡಿದ್ದು ಸುಳ್ಳಲ್ಲ. 16 ನಿಜವಾಗಿಯೂ 16. 'ಎಂಜಿನ್ ಬಾಡಿಯಿಂದ ನೋಡಿದಾಗ' ಎಂಬ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಪೂರ್ತಿ ಸತ್ಯದಂತೆ ಒಬ್ಬ ಮನುಷ್ಯನ ಕೈಗೆ ಕೊಟ್ಟೆ. ಸ್ಯಾತ್ ಇಲ್ಲದ ಏವ. ಅಹಿಂಸೆ ಎಂದರೆ ಇರುವೆಯನ್ನು ತುಳಿಯದಿರುವುದು, ನೀರನ್ನು ಸೋಸಿ ಕುಡಿಯುವುದು ಎಂದಷ್ಟೇ ತಿಳಿದು ಬೆಳೆದವನು ನಾನು. ವಸ್ತುವಿಗೆ ಹಲವು ಮುಖಗಳುಂಟು ಎನ್ನುವ ಅನೇಕಾಂತವೇ ಮಾತಿನ ಅಹಿಂಸೆ ಎಂದು ಪಂಡಿತರು ಹೇಳಿದ್ದು ಆ ಬೀಡಿಯ ಹೊಗೆ ನೋಡುತ್ತ ನಿಂತಾಗ ಅರ್ಥವಾಯಿತು.

ಇದಕ್ಕೆ ಎದುರಾಗಿ ಒಂದು ದೊಡ್ಡ ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಶಂಕರಾಚಾರ್ಯರು ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಭಾಷ್ಯದಲ್ಲಿ ಜೈನರನ್ನು ಕೇಳುತ್ತಾರೆ: ಒಂದೇ ವಸ್ತುವಿನಲ್ಲಿ ಇದೆ, ಇಲ್ಲ ಎಂಬ ವಿರುದ್ಧ ಧರ್ಮಗಳು ಒಟ್ಟಿಗೆ ಹೇಗೆ ಇರುತ್ತವೆ? ಶೀತ ಮತ್ತು ಉಷ್ಣ ಒಟ್ಟಿಗೆ ಇರುತ್ತವೆಯೇ? ಹೀಗೂ ಹೌದು ಹಾಗೂ ಹೌದು ಎನ್ನುವ ಗುರುವನ್ನು ನಂಬಿ ಯಾರು ಏನು ಮಾಡಿಯಾರು? ಇದು ಅಸಡ್ಡೆಯಿಂದ ಕೇಳಿದ ಪ್ರಶ್ನೆಯಲ್ಲ. ನಮ್ಮಲ್ಲೇ ಎಷ್ಟೋ ಜನ ಅನೇಕಾಂತದ ಹೆಸರಿನಲ್ಲಿ ಆಡುವ ಮಾತಿಗೆ ಇದು ಸರಿಯಾಗಿ ತಗಲುತ್ತದೆ. ಸಭೆಗಳಲ್ಲಿ ಕೇಳುತ್ತೇನೆ: ಎಲ್ಲರೂ ಅವರವರ ದೃಷ್ಟಿಯಲ್ಲಿ ಸರಿ, ಅದೇ ಅನೇಕಾಂತ. ಅದು ಅನೇಕಾಂತವಲ್ಲ. ಕತ್ತಲೆಯ ಕಡಲಿನಲ್ಲಿ ಎದುರಿನಿಂದ ದೊಡ್ಡ ಹಡಗು ಬರುತ್ತಿರುವಾಗ ಕೂವೆಕಂಬದ ದೀಪ ಉರಿಯುತ್ತಿಲ್ಲ. ಅದು ನನ್ನ ದೃಷ್ಟಿಗೆ ಹೀಗೆ, ನಿಮ್ಮ ದೃಷ್ಟಿಗೆ ಹಾಗೆ ಎಂಬ ಮಾತೇ ಅಲ್ಲ. ಅಪೇಕ್ಷೆಗಳು ಬೇರೆಬೇರೆ ಇರಬಹುದು. ಒಂದು ಅಪೇಕ್ಷೆಯನ್ನು ಹಿಡಿದ ಮೇಲೆ ಉತ್ತರ ಒಂದೇ. ಕಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟು, ಬಲ್ಬ್ ಹಾಕಿ, ಬಲ್ಬಿನ ಮೈನಸ್ ನೋಡಿದರೆ ಯಾರು ನೋಡಿದರೂ 24.3. ಬ್ಯಾರಿ ನೋಡಿದರೂ, ಜೈನ ನೋಡಿದರೂ, ಮೊಗವೀರ ನೋಡಿದರೂ. ಶೀತೋಷ್ಣಗಳು ಒಂದೇ ಅಪೇಕ್ಷೆಯಿಂದ ಒಟ್ಟಿಗೆ ಇವೆ ಎಂದು ನಮ್ಮ ಆಚಾರ್ಯರು ಹೇಳಲಿಲ್ಲ. ಒಂದೇ ವಯರು ಬಲ್ಬಿನಿಂದ ನೋಡಿದಾಗ ಮೈನಸ್, ಬ್ಯಾಟರಿಯಿಂದ ನೋಡಿದಾಗ ಪ್ಲಸ್. ವಿರೋಧ ವಯರಿನಲ್ಲಿಲ್ಲ, ಕಪ್ಪು ಕಡ್ಡಿಯ ಜಾಗ ಬಿಟ್ಟು ಮಾತಾಡಿದವನ ವಾಕ್ಯದಲ್ಲಿದೆ.

ಧರ್ಮಸ್ಥಳ ನಮ್ಮ ತಾಲೂಕಿನಲ್ಲೇ ಇದೆ. ದೇವರು ಮಂಜುನಾಥ, ಶಿವ. ಪೂಜೆ ಮಾಡುವವರು ಮಾಧ್ವರು. ನಡೆಸುವ ಹೆಗ್ಗಡೆಯವರ ಮನೆತನ ಜೈನರದ್ದು. ಎಲ್ಲ ಒಂದೇ ಎಂಬುದಕ್ಕೆ ಸಾಕ್ಷಿಯಾಗಿ ಇದನ್ನು ತೋರಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿ ಯಾರೂ ತಮ್ಮ ಜಾಗ ಬಿಟ್ಟಿಲ್ಲ. ಮಾಧ್ವರು ಅದ್ವೈತಿಗಳಾಗಲಿಲ್ಲ, ಹೆಗ್ಗಡೆಯವರು ಬಸದಿ ಬಿಡಲಿಲ್ಲ; ಊರಿನ ಗುಡ್ಡದ ಮೇಲೆ 1982ರಲ್ಲಿ 39 ಅಡಿಯ ಬಾಹುಬಲಿಯ ಪ್ರತಿಷ್ಠೆಯೂ ಆಯಿತು. ಪ್ರತಿಯೊಬ್ಬರೂ ತಮ್ಮ ಕಡ್ಡಿ ಎಲ್ಲಿದೆ ಎಂದು ಗೊತ್ತಿಟ್ಟುಕೊಂಡೇ ಕೆಲಸ ಮಾಡುತ್ತಿದ್ದಾರೆ.

ಮೀಟರಿಗೆ ಕಂಡರೂ ಬಲ್ಬ್ ಉರಿಸದ ವೋಲ್ಟೇಜಿನ ವಿಷಯಕ್ಕೆ ಮರಳಿದರೆ, ಮೂಡುಬಿದಿರೆಯಲ್ಲಿ ಶಾಲೆ ಕಲಿತವನಾಗಿ ನನ್ನನ್ನು ಬಹಳ ಕಾಡಿದ ಒಂದು ಸಂಗತಿ ಇದೆ. ನಮ್ಮ ಗುರು ಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುವುದು ಅಲ್ಲಿದ್ದ ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತ ಗ್ರಂಥಗಳಿಂದ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದು 816ರಲ್ಲಿ ಮುಗಿಸಿದ ಟೀಕೆ ಧವಲ. ಹಳಗನ್ನಡ ಲಿಪಿಯ ಆ ತಾಳೆಗರಿಗಳು ಮೂಡುಬಿದಿರೆ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ. ದೇಶದ ಮೂಲೆಮೂಲೆಯಿಂದ ಯಾತ್ರಿಕರು ಬರುತ್ತಿದ್ದರು, ಗ್ರಂಥದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಶತಮಾನಗಳ ಕಾಲ ಹಾಗೆಯೇ ನಡೆಯಿತು. ಗ್ರಂಥ ಇತ್ತು, ಓದಲಿಕ್ಕೆ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ ವರ್ಷಗಟ್ಟಲೆ ನಡೆದು, ಕೊನೆಗೆ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಮರಾವತಿಯಲ್ಲಿ ಅಚ್ಚಾಗಿ ಬಂದದ್ದು 1939ರಲ್ಲಿ. ಬೀಗ ಹಾಕಿ ಇಟ್ಟವರನ್ನು ನಾನು ದೂರುವುದಿಲ್ಲ. ಅವರು ಇಡದಿದ್ದರೆ ಗೆದ್ದಲಿಗೆ ಹೋಗುತ್ತಿತ್ತು. ಆದರೆ 24.6 ತೋರಿಸುತ್ತಾ ಬಲ್ಬ್ ಉರಿಸದ ಆ ವಯರನ್ನು ನೋಡಿದಾಗಲೆಲ್ಲ ನನಗೆ ಆ ಬೀಗ ಹಾಕಿದ ಪೆಟ್ಟಿಗೆ, ಆ ಕೈಮುಗಿದ ಸಾಲು ಕಣ್ಣಿಗೆ ಕಟ್ಟುತ್ತದೆ. ಕೇಳಿಸಿಕೊಂಡು ಹೋಗುವುದು ಬೇರೆ, ಕೆಲಸ ಕೇಳುವುದು ಬೇರೆ. ಮೇಸ್ತ್ರಿ ಹೇಳಿದ್ದು ಅದನ್ನೇ.

ಮಂಜಿಗೆ ಹಿಂತಿರುಗುತ್ತೇನೆ.

"ತಾಂಡೇಲರೇ, ಒಂದು ಮಾತಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ನಾಲ್ಕು ಮಾತಿಗೆ ಪುರುಸೊತ್ತು ಕೊಡಿ" ಎಂದೆ. ಅವರು ಡೆಕ್ಕಿನ ಮೇಲೆ ನನ್ನ ಎದುರು ಕೂತರು. ಹೋಗುವ ವಯರು ಸರಿ ಇದೆ, ಮರಳಿ ಬರುವ ವಯರಿನಲ್ಲಿ ಎಲ್ಲೋ ದಾರಿ ಕಟ್ಟಿದೆ ಎಂದು ತೋರಿಸಿಕೊಟ್ಟೆ. ಕಪ್ಪನ್ನು ಬ್ಯಾಟರಿಯ ಮೈನಸ್ಸಿನಲ್ಲೇ ಬಿಟ್ಟು, ಬಲ್ಬ್ ಹಾಕಿದ್ದ ಹಾಗೆಯೇ, ಮರಳುವ ವಯರಿನ ಉದ್ದಕ್ಕೂ ಸೂಜಿ ಚುಚ್ಚುತ್ತ ಹೋದೆ. ಚುಚ್ಚಿದ ತೂತಿಗೆ ಕೂಡಲೇ ಅಂಟು ಹಚ್ಚಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ದೋಷವನ್ನು ನಾವೇ ಇಟ್ಟುಹೋದ ಹಾಗೆ. ಕೂವೆಕಂಬದ ಬುಡದಲ್ಲಿ 24.3. ಹಲಗೆಯ ಅಡಿಗೆ ಹೋಗುವ ತೂತಿನ ಬಳಿ 24.3. ಅಲ್ಲಿಂದ ಒಂದೂವರೆ ಅಡಿ ಆಚೆ ಸೊನ್ನೆ.

ಆ ಒಂದೂವರೆ ಅಡಿಯಲ್ಲಿ ಕಪ್ಪು ಟೇಪ್ ಸುತ್ತಿದ ಒಂದು ಜಾಯಿಂಟ್ ಇತ್ತು. ಯಾರೋ ಅವಸರದಲ್ಲಿ ಮನೆ ವಯರಿಂಗಿನ ತುಂಡು ಸೇರಿಸಿದ್ದರು. ಕಡಲಿನ ಕೆಲಸಕ್ಕೆ ಬೇಕಾದದ್ದು ಎಳೆಎಳೆಗೂ ಕಲಾಯಿ ಹಾಕಿದ ವಯರು, ಹಿತ್ತಾಳೆ ತಾಮ್ರದ ಪಾತ್ರೆಗೆ ಹಾಕುವ ಅದೇ ತವರದ ಕಲಾಯಿ. ಬರೀ ತಾಮ್ರವಾದರೆ ಉಪ್ಪುನೀರು ತುದಿಯಿಂದ ಒಳಗೆ ಹೊಕ್ಕು, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಎಳೆಗಳ ನಡುವೆ ಏರುತ್ತದೆ. ಹೊರಗಿನ ಹೊದಿಕೆಗೆ ಏನೂ ಆಗಿರುವುದಿಲ್ಲ, ಹೊಸದರಂತೆ ಮಿರಿಮಿರಿ. ಟೇಪ್ ಬಿಚ್ಚಿದೆ. ವಯರನ್ನು ಬೆರಳಿನಲ್ಲಿ ಬಾಗಿಸಿದೆ, ಒಳಗೆ ಮರಳಿನಂತೆ ಚರಚರ ಎಂದಿತು. ಹೊದಿಕೆಯನ್ನು ಬ್ಲೇಡಿನಿಂದ ಸೀಳಿದರೆ ಹಸಿರು ಪುಡಿ ಅಂಗೈಗೆ ಉದುರಿತು. ಅಜ್ಜಿ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದ ಚೆಂಬಿನ ಕಂಠದಲ್ಲಿ ಕೂರುತ್ತಿದ್ದ ಅದೇ ಕಿಲುಬು. ಮೂವತ್ತಕ್ಕೂ ಹೆಚ್ಚು ಎಳೆಗಳಲ್ಲಿ ಎರಡೋ ಮೂರೋ ಮಾತ್ರ ಕೂದಲಿನಷ್ಟು ಸಣ್ಣಗೆ ಉಳಿದಿದ್ದವು, ಅವೂ ಕಪ್ಪಾಗಿ. ಮೀಟರಿಗೆ ಉಂಟು ಎಂದು ಹೇಳುತ್ತಿದ್ದದ್ದು ಅವು.

ತಾಂಡೇಲರು ಪುಡಿಯನ್ನು ತಮ್ಮ ಅಂಗೈಗೆ ಸುರುವಿಕೊಂಡು ಬಹಳ ಹೊತ್ತು ನೋಡಿದರು. "ಉಂದೆನ್ ಉಂಡು ಪಂದ್‌ಲಾ ಪನೊಲಿ, ಇಜ್ಜಿ ಪಂದ್‌ಲಾ ಪನೊಲಿ" ಎಂದರು. ಉಂಟು ಎಂದೂ ಹೇಳಬಹುದು, ಇಲ್ಲ ಎಂದೂ ಹೇಳಬಹುದು. ನಾನು ಅವರಿಗೆ ಸ್ಯಾದ್ವಾದ ಹೇಳಿರಲಿಲ್ಲ.

ಹಾಳಾದ ಭಾಗವನ್ನು ಕತ್ತರಿಸುತ್ತ ಹೋದೆ. ಮೂರು ಅಡಿ ಹೋದ ಮೇಲೆ ಕೆಂಪಗೆ ಹೊಳೆಯುವ ತಾಮ್ರ ಸಿಕ್ಕಿತು. ಕಲಾಯಿ ಹಾಕಿದ ಹೊಸ ವಯರು ಸೇರಿಸಿ, ಬೆಸೆದು, ಅಂಟಿನ ಕೊಳವೆ ತೊಡಿಸಿ ಬಿಸಿ ಮಾಡಿದೆ. ಹುಡುಗ ಹೋಲ್ಡರನ್ನು ಮತ್ತೆ ಮೇಲೆ ಕಟ್ಟಿ ಬಂದ. ಅಷ್ಟರಲ್ಲಿ ಸೂರ್ಯ ಎದುರು ದಡದ ಬೆಂಗ್ರೆಯ ತೆಂಗುಗಳ ಹಿಂದೆ ಇಳಿದಾಗಿತ್ತು. ಬಂದರಿನ ನೀರು ಕಪ್ಪಾಗುತ್ತಿತ್ತು. ಅದು ಫಲ್ಗುಣಿ ಹೊಳೆಯ ನೀರು. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ವೇಣೂರಿನ ಗೊಮ್ಮಟನ ಪಕ್ಕದಲ್ಲೇ ಹರಿದು, ನಮ್ಮ ಊರಿನ ಕಡೆ ಹಾದು, ಇಲ್ಲಿಗೆ ಬಂದು ಉಪ್ಪಾಗುವ ನೀರು. ಮನೆಯ ಅಂಗಳದ ಹೊಳೆಯಲ್ಲೇ ಕೂತು ಕೆಲಸ ಮಾಡಿದ ಹಾಗೆ ಅನಿಸುತ್ತದೆ ನನಗೆ ಆ ಬಂದರಿನಲ್ಲಿ.

ಸ್ವಿಚ್ ಹಾಕಿದೆ. ಕೂವೆಕಂಬದ ತುದಿಯಲ್ಲಿ ದೀಪ ಉರಿಯಿತು.

ತಾಂಡೇಲರು ನಾಲ್ಕು ನೇಂದ್ರ ಬಾಳೆಹಣ್ಣು ತಂದು ಎದುರಿಗೆ ಇಟ್ಟರು. ಆಮೇಲೆ ಆಕಾಶ ನೋಡಿ, ನನ್ನ ಮುಖ ನೋಡಿ, ಹಣ್ಣನ್ನು ಎತ್ತಿ ನನ್ನ ಚೀಲಕ್ಕೆ ಹಾಕಿದರು. "ಬೆಳಿಗ್ಗೆ ತಿನ್ನಿ. ಈಗ ಉಂಟಲ್ಲ, ನಾನು ಹೋಗಲಾ?"

"ಉಂಟು. ಈಗ, ಎಂಜಿನ್ ನಿಂತಿರುವಾಗ ಉಂಟು. ಒಂದು ಗಂಟೆ ಉರಿಯಲಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಅಲುಗಾಟದಲ್ಲಿ ಇನ್ನೊಮ್ಮೆ ನೋಡುವ."

ಪುಸ್ತಕ ತೆಗೆದೆ. ಮರಳುವ ವಯರು, ಕೂವೆ ದೀಪ. ಕೆಂಪು ಬಲ್ಬಿನ ಮೈನಸ್ಸಿಗೆ, ಕಪ್ಪು ಬ್ಯಾಟರಿ ಮೈನಸ್ಸಿಗೆ. ಸಂಜೆ 6.50. ಬಲ್ಬ್ ಉರಿಯುತ್ತಿದೆ, ಎಂಜಿನ್ ನಿಂತಿದೆ. 0.2. ಕೆಳಗಿನ ಸಾಲಿನಲ್ಲಿ 7.50 ಎಂದು ಬರೆದು ಅಂಕಿಯ ಜಾಗ ಖಾಲಿ ಬಿಟ್ಟೆ. ತಾಂಡೇಲರು ಹೋಗಲಿಲ್ಲ. ಇಬ್ಬರೂ ಹಗ್ಗದ ಸುರುಳಿಯ ಮೇಲೆ ಬೆನ್ನು ಕೊಟ್ಟು ಮೇಲೆ ನೋಡುತ್ತ ಕೂತೆವು.